ಬ್ರೂಕ್ ಸ್ಟ್ರೀಟ್‌ನ ಹ್ಯಾಂಡೆಲ್–ಹೆಂಡ್ರಿಕ್ಸ್ ಮನೆ

ಲಂಡನ್ನಿನ ಮೇಫೇರ್ ಬಡಾವಣೆಯ ಬ್ರೂಕ್ ಸ್ಟ್ರೀಟ್‌ನಲ್ಲಿ ಗೋಡೆಗೆ ಗೋಡೆ ತಾಗಿ ನಿಂತಿರುವ 25 ಮತ್ತು 23ನೆಯ ಸಂಖ್ಯೆಯ ಎರಡು ಹಳೆಯ ಸಾಲುಮನೆಗಳು ಸೇರಿ ಆಗಿರುವ ವಸ್ತುಸಂಗ್ರಹಾಲಯ. 25ನೆಯ ಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಹಾ ಸಂಯೋಜಕರಲ್ಲಿ ಒಬ್ಬನಾದ ಜಾರ್ಜ್ ಫ್ರಿಡೆರಿಕ್ ಹ್ಯಾಂಡೆಲ್ (1685-1759) 1723ರಿಂದ ತನ್ನ ಕೊನೆಯುಸಿರಿನವರೆಗೆ 36 ವರ್ಷ ಬಾಳಿದ. 23ನೆಯ ಮನೆಯ ಮೇಲಂತಸ್ತಿನಲ್ಲಿ ರಾಕ್ ಸಂಗೀತದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ (1942-1970) 1968-69ರಲ್ಲಿ ಕೆಲವು ತಿಂಗಳು ನೆಲೆಸಿದ್ದ. ಇಬ್ಬರೂ ಹೊರನಾಡಿನಿಂದ ಬಂದವರು. ಒಬ್ಬ ಜರ್ಮನಿಯ ಹಾಲೆ ಪಟ್ಟಣದವ, ಮತ್ತೊಬ್ಬ ಅಮೆರಿಕದ ಸಿಯಾಟಲ್ ನಗರದವ. ಇಬ್ಬರೂ ಬಾಡಿಗೆದಾರರಾಗಿಯೇ ಇದ್ದರು. ಈ ಮನೆಗಳ ಒಡೆತನ ಇಬ್ಬರಲ್ಲಿ ಯಾರಿಗೂ ಇರಲಿಲ್ಲ. ಆದರೂ ಇಂದು ಮನೆ ಕರೆಸಿಕೊಳ್ಳುವುದು ಅವರಿಬ್ಬರ ಹೆಸರಿನಿಂದಲೇ.

ಸ್ಥಳ ಮತ್ತು ನಿರ್ಮಾಣ

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ ಪಶ್ಚಿಮದ ಕಡೆಗೆ ವೇಗವಾಗಿ ಹಬ್ಬತೊಡಗಿತು. ಹಳೆಯ ನಗರದ ಇಕ್ಕಟ್ಟು, ಹೊಗೆಗಳಿಂದ ದೂರವಾಗಿ, ಅರಮನೆಗೂ ಪಾರ್ಲಿಮೆಂಟಿಗೂ ಹತ್ತಿರವಾಗಿ ಇರಬಯಸಿದ ಸಿರಿವಂತರಿಗಾಗಿ ಹೊಲಗದ್ದೆಗಳು ಬೀದಿ, ಚೌಕಗಳಾದವು. 1714ರಲ್ಲಿ ಜರ್ಮನಿಯ ಹ್ಯಾನೋವರ್ ಮನೆತನದ ಒಂದನೆಯ ಜಾರ್ಜ್ ಬ್ರಿಟನ್ನಿನ ಸಿಂಹಾಸನ ಏರಿದ ಮೇಲೆ ರೂಪುಗೊಂಡ ಒಂದು ಚೌಕಕ್ಕೆ ಹ್ಯಾನೋವರ್ ಸ್ಕ್ವೇರ್ ಎಂದೇ ಹೆಸರಾಯಿತು. ಅಲ್ಲಿಂದ ಪಶ್ಚಿಮಕ್ಕೆ ಗ್ರೋವ್‌ನರ್ ಸ್ಕ್ವೇರ್‌ನತ್ತ ಸಾಗುವ ಬೀದಿಯೇ ಬ್ರೂಕ್ ಸ್ಟ್ರೀಟ್. ಬ್ರೂಕ್ ಎಂದರೆ ತೊರೆ. ಬೀದಿಗೆ ಈ ಹೆಸರು ಕೊಟ್ಟ, ಒಂದು ಕಾಲಕ್ಕೆ ಇಲ್ಲಿ ಬಯಲಿನಲ್ಲಿ ಹರಿಯುತ್ತಿದ್ದ ಟೈಬರ್ನ್ ತೊರೆ ಈಗ ನೆಲದಡಿಯ ಕಾಲುವೆ.

ಜಾರ್ಜ್ ಬಾರ್ನ್ಸ್ ಎಂಬ ಗುತ್ತಿಗೆದಾರ 1720ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ನಾಲ್ಕು ಮನೆಗಳ ಸಾಲೊಂದನ್ನು ಎಬ್ಬಿಸಿದ. ಯಾರೋ ಒಬ್ಬರು ಹೇಳಿ ಕಟ್ಟಿಸಿದ ಮನೆಗಳಲ್ಲ ಇವು. ಕಟ್ಟಿ ಮುಗಿಸಿ, ಬಾಡಿಗೆಗೆ ಕೊಟ್ಟು ಲಾಭ ಮಾಡುವ ಲೆಕ್ಕಾಚಾರದ ಕಟ್ಟಡಗಳು. ಆ ಕಾಲದ ಲಂಡನ್ನಿನ ಹೆಚ್ಚಿನ ಸಾಲುಮನೆಗಳು ಹುಟ್ಟಿದ್ದು ಹೀಗೆಯೇ. 1666ರ ಮಹಾ ಅಗ್ನಿದುರಂತದ ನೆನಪು ಆಗ ಇನ್ನೂ ಮಾಸಿರಲಿಲ್ಲ. ಬೆಂಕಿ ಮನೆಯಿಂದ ಮನೆಗೆ ದಾಟದಂತೆ 1707 ಮತ್ತು 1709ರ ಕಟ್ಟಡ ಕಾಯಿದೆಗಳು ಸೂರಂಚಿನ ಮರಗೆಲಸವನ್ನು ನಿಷೇಧಿಸಿ, ಕಿಟಕಿಯ ಚೌಕಟ್ಟು ಗೋಡೆಯ ಮುಖದಿಂದ ನಾಲ್ಕು ಅಂಗುಲ ಒಳಗಿರಬೇಕೆಂದು ವಿಧಿಸಿದ್ದವು. ಇಂದು ನಾವು ಜಾರ್ಜಿಯನ್ ಶೈಲಿಯ ಬೆಡಗು ಎಂದು ಮೆಚ್ಚುವ ಸರಳ ಇಟ್ಟಿಗೆ ಮುಖ, ಅಳತೆಗೊಂಡ ಉದ್ದುದ್ದ ಕಿಟಕಿಗಳು, ಎತ್ತಿ ಕಟ್ಟಿದ ಮುಂಗೋಡೆ ಇವೆಲ್ಲದರ ಹಿಂದೆ ಅಭಿರುಚಿಯಷ್ಟೇ ಬೆಂಕಿಯ ಭಯವೂ ಕೆಲಸ ಮಾಡಿದೆ.

ಮನೆಯ ರಚನೆ

ಬೀದಿಗೆ ಮೂರು ಕಿಟಕಿಯಗಲದ ಮುಖ, ಹಿಂದಕ್ಕೆ ಹೆಚ್ಚು ಆಳ: ಲಂಡನ್ ಸಾಲುಮನೆಯ ಈ ಸಾಮಾನ್ಯ ನಕ್ಷೆಯೇ 25ನೆಯ ಮನೆಯದೂ. ಪ್ರತಿ ಅಂತಸ್ತಿನಲ್ಲಿ ಮುಂದೊಂದು, ಹಿಂದೊಂದು ಕೋಣೆ, ಹಿಂಬದಿಗೆ ಅಂಟಿಕೊಂಡ ಒಂದು ಚಿಕ್ಕ ಕಿರುಕೋಣೆ, ಪಕ್ಕದಲ್ಲಿ ಮಹಡಿಯ ಮೆಟ್ಟಿಲು. ನೆಲಮಾಳಿಗೆಯಲ್ಲಿ ಅಡುಗೆಮನೆ. ನೆಲದಂತಸ್ತಿನಲ್ಲಿ ಬಂದವರನ್ನು ಕೂರಿಸುವ ಕೋಣೆಗಳು. ಮೊದಲನೆಯ ಮಹಡಿಯಲ್ಲಿ ಮನೆಯ ಅತ್ಯಂತ ವಿಶಾಲವಾದ, ಹೆಚ್ಚು ಬೆಳಕಿನ ಕೋಣೆ. ಎರಡನೆಯ ಮಹಡಿಯಲ್ಲಿ ಮಲಗುವ ಕೋಣೆ ಮತ್ತು ಉಡುಪಿನ ಕೋಣೆ. ಎಲ್ಲಕ್ಕೂ ಮೇಲೆ ಆಳುಗಳು ಮಲಗುವ ಅಟ್ಟ. ಒಳಗೋಡೆಗಳಿಗೆ ಮರದ ಹಲಗೆಗಳ ಹೊದಿಕೆ, ಅದಕ್ಕೆ ಸೀಸದ ಬೂದು ಬಣ್ಣ. ಪಕ್ಕದ ಅರಮನೆಗಳ ಮುಂದೆ ಇದು ಚಿಕ್ಕ ಮನೆಯೇ. ಒಂಟಿಯಾಗಿ ಬದುಕುತ್ತಿದ್ದ, ಒಳ್ಳೆಯ ಆದಾಯವಿದ್ದ ವೃತ್ತಿಪರನೊಬ್ಬನಿಗೆ ಹದವಾದ ಮನೆ. ಹ್ಯಾಂಡೆಲ್ ಹತ್ತಿ ಇಳಿದ ಮೆಟ್ಟಿಲುಸಾಲಿನ ಬಹುಭಾಗ ಇಂದಿಗೂ ಉಳಿದಿದೆ.

ಹ್ಯಾಂಡೆಲ್‌ನ ವಾಸ

1710ರಲ್ಲಿ ಮೊದಲ ಬಾರಿಗೆ ಲಂಡನ್ನಿಗೆ ಬಂದ ಹ್ಯಾಂಡೆಲ್ 1712ರಿಂದ ಅಲ್ಲಿಯೇ ನೆಲೆನಿಂತ. ಮೊದಲ ವರ್ಷಗಳಲ್ಲಿ ಅವನಿಗೆ ಸ್ವಂತ ಬಿಡಾರವಿರಲಿಲ್ಲ. ಬರ್ಲಿಂಗ್ಟನ್ ಹೌಸ್‌ನಂಥ ಸಿರಿವಂತರ ಮನೆಗಳಲ್ಲಿ ಅತಿಥಿಯಾಗಿ, ಆಶ್ರಿತನಾಗಿ ಕಳೆದ. 1723ರಲ್ಲಿ ರಾಜಮನೆತನದ ಪ್ರಾರ್ಥನಾಲಯಕ್ಕೆ ಸಂಯೋಜಕನಾಗಿ ನೇಮಕವಾಯಿತು. ರಾಜಕುಮಾರಿಯರಿಗೆ ಸಂಗೀತ ಕಲಿಸುವ ಹೊಣೆಯೂ ಬಂದಿತು. ಎಲ್ಲ ಸೇರಿ ರಾಜಮನೆತನದಿಂದ ಸಿಗುತ್ತಿದ್ದ ವರ್ಷಾಶನ 600 ಪೌಂಡ್ ಮುಟ್ಟಿತು. ಅದೇ ಬೇಸಿಗೆಯಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ, ಆತ ಬ್ರೂಕ್ ಸ್ಟ್ರೀಟ್‌ನ ಹೊಸ ಮನೆಗೆ ಬಂದ. ಆ ಮನೆಯ ಮೊದಲ ನಿವಾಸಿ ಅವನೇ. ಸೇಂಟ್ ಜೇಮ್ಸ್ ಅರಮನೆಯಾಗಲಿ, ಅವನ ಇಟಾಲಿಯನ್ ಆಪೆರಾಗಳು (ಸಂಗೀತ ನಾಟಕಗಳು) ನಡೆಯುತ್ತಿದ್ದ ಹೇಮಾರ್ಕೆಟ್‌ನ ಕಿಂಗ್ಸ್ ಥಿಯೇಟರ್ ಆಗಲಿ ಕಾಲುನಡಿಗೆಯ ದೂರ. 1725ರಲ್ಲಿ ಹ್ಯಾನೋವರ್ ಸ್ಕ್ವೇರ್ ಬಳಿ ತೆರೆದ ಸೇಂಟ್ ಜಾರ್ಜ್ ಚರ್ಚ್ ಅವನ ನಿತ್ಯದ ದೇವಾಲಯವಾಯಿತು.

ವಿದೇಶೀಯನಾಗಿದ್ದರಿಂದ ಆಗ ಮನೆ ಕೊಳ್ಳುವುದಕ್ಕೂ ದೀರ್ಘಾವಧಿ ಗುತ್ತಿಗೆ ಹಿಡಿಯುವುದಕ್ಕೂ ಅವನಿಗೆ ಕಾನೂನಿನ ತೊಡಕಿತ್ತು. 1727ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಬ್ರಿಟಿಷ್ ಪ್ರಜೆಯಾದ ಮೇಲೂ ಅವನು ಬಾಡಿಗೆದಾರನಾಗಿಯೇ ಮುಂದುವರಿದ. ಕೈಯಲ್ಲಿ ಹಣವಿದ್ದಾಗಲೂ, ಆಪೆರಾ ಕಂಪನಿ ಮುಗ್ಗರಿಸಿ ಕಷ್ಟ ಬಂದಾಗಲೂ ಮನೆ ಬದಲಿಸಲಿಲ್ಲ.

ಈ ಮನೆ ಅವನಿಗೆ ವಾಸಸ್ಥಳ ಮಾತ್ರವಲ್ಲ, ಕಾರ್ಯಾಗಾರ, ತಾಲೀಮು ಕೊಠಡಿ ಮತ್ತು ಅಂಗಡಿ ಕೂಡ. ಸಂಗೀತ ಕಚೇರಿಗಳ ಟಿಕೆಟುಗಳು ಮತ್ತು ಮುದ್ರಿತ ಸ್ವರಪುಸ್ತಕಗಳು ಹ್ಯಾಂಡೆಲ್ ಮನೆಯಲ್ಲಿ ದೊರೆಯುತ್ತವೆ ಎಂಬ ಜಾಹೀರಾತುಗಳು ಅಂದಿನ ಪತ್ರಿಕೆಗಳಲ್ಲಿ ಬರುತ್ತಿದ್ದವು. ಮೊದಲ ಮಹಡಿಯ ಮುಂಗೋಣೆಯಲ್ಲಿ ಹಾರ್ಪ್ಸಿಕಾರ್ಡ್ ವಾದ್ಯವಿತ್ತು. ಗಾಯಕರು, ವಾದಕರು ಅಲ್ಲಿಗೇ ಬಂದು ತಾಲೀಮು ನಡೆಸುತ್ತಿದ್ದರು. 1735ರ ಏಪ್ರಿಲ್‌ನಲ್ಲಿ ‘ಅಲ್ಸೀನಾ’ ಆಪೆರಾದ ಮೊದಲ ತಾಲೀಮಿಗೆ ನೆರೆಯವಳೂ ಅಭಿಮಾನಿಯೂ ಆಗಿದ್ದ ಮೇರಿ ಪೆಂಡಾರ್ವಿಸ್ (ಮುಂದೆ ಮೇರಿ ಡಿಲೇನಿ ಎಂದು ಪ್ರಸಿದ್ಧಳಾದವಳು) ಇದೇ ಮನೆಗೆ ಬಂದಿದ್ದಳು. ವಾದ್ಯದ ಮುಂದೆ ಕೂತ ಹ್ಯಾಂಡೆಲ್ ತಾನೇ ಹೂಡಿದ ಮಾಯೆಯ ನಡುವೆ ಕುಳಿತ ಮಾಂತ್ರಿಕನಂತೆ ಕಂಡನೆಂದು ಆಕೆ ಪತ್ರದಲ್ಲಿ ಬರೆದಿದ್ದಾಳೆ. ಮುಂದೆ ಸಂಗೀತದ ಇತಿಹಾಸಕಾರನಾಗಿ ಹೆಸರು ಮಾಡಿದ ಚಾರ್ಲ್ಸ್ ಬರ್ನಿ ಕೂಡ ಯುವಕನಾಗಿದ್ದಾಗ ಇಲ್ಲಿನ ತಾಲೀಮುಗಳಲ್ಲಿ ಪಾಲ್ಗೊಂಡಿದ್ದ.

ಇಲ್ಲಿ ಹುಟ್ಟಿದ ಕೃತಿಗಳು

ಮೊದಲ ಮಹಡಿಯ ಹಿಂಗೋಣೆ ಅವನ ಬರವಣಿಗೆಯ ಕೋಣೆಯಾಗಿತ್ತೆಂದು ಪರಿಗಣಿಸಲಾಗಿದೆ. ‘ಜೂಲಿಯೋ ಚೇಸರೆ’ ಮತ್ತು ‘ತಮೆರ್ಲಾನೋ’ (1724), ‘ರೊಡೆಲಿಂಡಾ’ (1725), ‘ಅಲ್ಸೀನಾ’ (1735) ಮುಂತಾದ ಆಪೆರಾಗಳು, ‘ಸಾಲ್’, ‘ಇಸ್ರೇಲ್ ಇನ್ ಈಜಿಪ್ಟ್’, ‘ಸ್ಯಾಮ್ಸನ್’ ಮುಂತಾದ ಆರಟೋರಿಯೋಗಳು (ವೇಷ, ಅಭಿನಯಗಳಿಲ್ಲದೆ ಹಾಡುವ ಕಥಾಗಾನಗಳು), 1749ರ ‘ಮ್ಯೂಸಿಕ್ ಫಾರ್ ದ ರಾಯಲ್ ಫೈರ್‌ವರ್ಕ್ಸ್’ ಎಲ್ಲವೂ ಅವನು ಈ ಮನೆಯಲ್ಲಿದ್ದಾಗಿನ ರಚನೆಗಳು. 1727ರಲ್ಲಿ ಎರಡನೆಯ ಜಾರ್ಜ್‌ನ ಪಟ್ಟಾಭಿಷೇಕಕ್ಕೆಂದು ಬರೆದ ‘ಝೇಡಾಕ್ ದ ಪ್ರೀಸ್ಟ್’ ಅಂದಿನಿಂದ ಪ್ರತಿ ಬ್ರಿಟಿಷ್ ಪಟ್ಟಾಭಿಷೇಕದಲ್ಲೂ ಹಾಡಲ್ಪಟ್ಟಿದೆ. 2023ರ ಮೇ 6ರಂದು ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕದಲ್ಲಿಯೂ ಅದು ಮೊಳಗಿತು.

ಇವೆಲ್ಲಕ್ಕೂ ಕಳಶವಿಟ್ಟಂತಹ ಕೃತಿ ‘ಮೆಸೈಯ’. ಚಾರ್ಲ್ಸ್ ಜೆನೆನ್ಸ್ ಬೈಬಲ್ಲಿನಿಂದ ಆಯ್ದು ಜೋಡಿಸಿಕೊಟ್ಟ ಸಾಹಿತ್ಯಕ್ಕೆ ಹ್ಯಾಂಡೆಲ್ 1741ರ ಆಗಸ್ಟ್ 22ರಂದು ಸ್ವರ ಹಾಕಲು ಕುಳಿತು ಸೆಪ್ಟೆಂಬರ್ 14ಕ್ಕೆ ಮುಗಿಸಿದ. ಒಟ್ಟು 24 ದಿನ. ಅವಸರದ ಕೈಬರಹ, ಶಾಯಿಯ ಕಲೆಗಳು, ಹೊಡೆದುಹಾಕಿದ ಸಾಲುಗಳಿಂದ ತುಂಬಿದ ಆ ಮೂಲಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆದರೆ ಕೃತಿಯ ಮೊದಲ ಪ್ರದರ್ಶನವಾದದ್ದು ಲಂಡನ್ನಿನಲ್ಲಲ್ಲ, 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ. ಮುಂದೆ ಲಂಡನ್ನಿನ ಅನಾಥಮಕ್ಕಳ ಆಶ್ರಯವಾದ ಫೌಂಡ್ಲಿಂಗ್ ಹಾಸ್ಪಿಟಲ್‌ನ ಸಹಾಯಾರ್ಥ ಹ್ಯಾಂಡೆಲ್ ಅದನ್ನು ಮತ್ತೆ ಮತ್ತೆ ನಡೆಸಿದ.

ಕೊನೆಯ ವರ್ಷಗಳು

1737ರಲ್ಲಿ ಹ್ಯಾಂಡೆಲ್ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತಾದರೂ ಆಖೆನ್ ಪಟ್ಟಣದ ಬಿಸಿನೀರಿನ ಬುಗ್ಗೆಗಳ ಚಿಕಿತ್ಸೆಯ ನಂತರ ಚೇತರಿಸಿಕೊಂಡಿದ್ದ. ಮುಂದಿನ ಪೆಟ್ಟು ಬಿದ್ದದ್ದು ಕಣ್ಣಿಗೆ. ‘ಜೆಫ್ತಾ’ ಆರಟೋರಿಯೋದ ಮೂಲಪ್ರತಿಯಲ್ಲಿ ಅದರ ಸಾಕ್ಷಿ ಕಾಣಸಿಗುತ್ತದೆ. ದೇವರ ತೀರ್ಮಾನಗಳು ಮನುಷ್ಯರಿಗೆ ಕಾಣದ ಕತ್ತಲೆಯಲ್ಲಿವೆ ಎಂದು ಹಾಡುವ ಮೇಳಗಾನವನ್ನು ಬರೆಯುತ್ತಿದ್ದಾಗ, 1751ರ ಫೆಬ್ರವರಿ 13ರಂದು, ಎಡಗಣ್ಣು ಸೋತು ಮುಂದೆ ಬರೆಯಲಾಗದೆ ನಿಲ್ಲಿಸಬೇಕಾಯಿತೆಂದು ಆತ ಪುಟದ ಅಂಚಿನಲ್ಲಿ ತಾಯ್ನುಡಿಯಾದ ಜರ್ಮನ್‌ನಲ್ಲಿ ಗುರುತು ಹಾಕಿದ್ದಾನೆ. ಹತ್ತು ದಿನಗಳ ನಂತರ, ತನ್ನ ಹುಟ್ಟುಹಬ್ಬದಂದು, ತುಸು ಗುಣವಾಗಿದೆಯೆಂದು ಮತ್ತೊಂದು ಗುರುತು. ಆಗಸ್ಟ್ ಕೊನೆಗೆ ಕೃತಿ ಮುಗಿಯಿತು. ಶಸ್ತ್ರಚಿಕಿತ್ಸೆಗಳು ಫಲಕೊಡದೆ ಮುಂದಿನ ಕೆಲವೇ ವರ್ಷಗಳಲ್ಲಿ ದೃಷ್ಟಿ ಪೂರ್ತಿ ಹೋಯಿತು. ಕಣ್ಣಿಲ್ಲದಿದ್ದರೂ ಆರ್ಗನ್ ನುಡಿಸುವುದನ್ನು ಬಿಡಲಿಲ್ಲ. ಪ್ರತಿ ತೆಗೆಯುವ ಜಾನ್ ಕ್ರಿಸ್ಟೋಫರ್ ಸ್ಮಿತ್ ತಂದೆಮಕ್ಕಳು ನೆರವಿಗಿದ್ದರು.

1759ರ ಏಪ್ರಿಲ್ 14ರಂದು ಹ್ಯಾಂಡೆಲ್ ಈ ಮನೆಯಲ್ಲಿಯೇ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಶವಸಂಸ್ಕಾರಕ್ಕೆ ಸುಮಾರು 3,000 ಜನ ಸೇರಿದ್ದರೆಂದು ಅಂದಿನ ವರದಿಗಳು ಹೇಳುತ್ತವೆ. ಮದುವೆಯಾಗದ ಆತ ಸುಮಾರು 20,000 ಪೌಂಡ್ ಆಸ್ತಿ ಬಿಟ್ಟುಹೋದ. ಹಾರ್ಪ್ಸಿಕಾರ್ಡ್, ಮನೆಯ ಚಿಕ್ಕ ಆರ್ಗನ್ ಮತ್ತು ಸ್ವರಗ್ರಂಥಗಳು ಹಿರಿಯ ಸ್ಮಿತ್‌ಗೆ, ‘ಮೆಸೈಯ’ದ ಒಂದು ಶುದ್ಧಪ್ರತಿ ಫೌಂಡ್ಲಿಂಗ್ ಹಾಸ್ಪಿಟಲ್‌ಗೆ, 1,000 ಪೌಂಡ್ ಬಡ ಸಂಗೀತಗಾರರ ಸಹಾಯನಿಧಿಗೆ ಸೇರಿದವು. ರೆಂಬ್ರಾಂಟ್‌ನ ಭೂದೃಶ್ಯವೂ ಸೇರಿದಂತೆ 80ಕ್ಕೂ ಹೆಚ್ಚು ಚಿತ್ರಗಳು ಗೋಡೆಗಳ ಮೇಲಿದ್ದವು. ಅವುಗಳ ಬಹುಪಾಲು ಮರುವರ್ಷ ಹರಾಜಾಯಿತು.

ಆಸ್ತಿಯ ಮೂಲವೊಂದನ್ನು ಇಲ್ಲಿ ಹೇಳಲೇಬೇಕು. ಆಫ್ರಿಕದಿಂದ ಗುಲಾಮರನ್ನು ಸಾಗಿಸುತ್ತಿದ್ದ ಸೌತ್ ಸೀ ಕಂಪನಿ ಮತ್ತು ರಾಯಲ್ ಆಫ್ರಿಕನ್ ಕಂಪನಿಗಳ ಷೇರುಗಳಲ್ಲಿ ಹ್ಯಾಂಡೆಲ್ ವ್ಯವಹಾರ ಮಾಡಿದ್ದಕ್ಕೆ ದಾಖಲೆಗಳಿವೆ. ಅಂದಿನ ಲಂಡನ್ನಿನ ಅನುಕೂಲಸ್ಥರಲ್ಲಿ ಇದು ಸಾಮಾನ್ಯವಾಗಿತ್ತು ಎಂಬುದು ನಿಜ. ಅಷ್ಟರಿಂದಲೇ ಅದು ಕ್ಷಮ್ಯವಾಗುವುದಿಲ್ಲ. ಎರಡು ಶತಮಾನಗಳ ನಂತರ ಪಕ್ಕದ ಮನೆಗೆ ಬಂದವನು ಆಫ್ರಿಕನ್ ಅಮೆರಿಕನ್ ಮನೆತನದ ಕಲಾವಿದ ಎಂಬುದನ್ನು ನೆನೆದಾಗ ಈ ದಾಖಲೆಯ ಭಾರ ಇನ್ನೂ ಹೆಚ್ಚುತ್ತದೆ.

ಸೇವಕನಿಂದ ಅಂಗಡಿಯವರೆಗೆ

ಹ್ಯಾಂಡೆಲ್‌ನ ನಂಬುಗೆಯ ಆಳು ಜಾನ್ ಡುಬರ್ಕ್‌ಗೆ ಉಯಿಲಿನ ಪ್ರಕಾರ 500 ಪೌಂಡ್ ಮತ್ತು ಯಜಮಾನನ ಉಡುಪುಗಳು ದೊರೆತವು. ಅವನು ಮನೆಯ ಗುತ್ತಿಗೆಯನ್ನು ತನ್ನ ಹೆಸರಿಗೆ ಮಾಡಿಕೊಂಡು, ಒಳಗಿನ ಸಾಮಾನುಗಳನ್ನು 48 ಪೌಂಡಿಗೆ ಕೊಂಡ. ಈ ಮಾರಾಟಕ್ಕೆಂದು 1759ರ ಆಗಸ್ಟ್‌ನಲ್ಲಿ ಕೋಣೆಕೋಣೆ ಸುತ್ತಿ ಬರೆದ ಸಾಮಾನುಪಟ್ಟಿ ಉಳಿದುಬಂದಿದೆ. ಅಡುಗೆಮನೆಯ ಪಾತ್ರೆಪಡಗ, ಕುರ್ಚಿ ಮೇಜು, ಪರದೆ ಕನ್ನಡಿ, ಕಡುಗೆಂಪು ಉಣ್ಣೆಬಟ್ಟೆಯ ಪರದೆ ಇಳಿಬಿಟ್ಟ ಮೇಲ್ಕಟ್ಟಿನ ಮಂಚ ಎಲ್ಲವೂ ಅದರಲ್ಲಿವೆ. ಹ್ಯಾಂಡೆಲ್‌ನ ಮನೆ ಹೇಗಿತ್ತೆಂದು ಇಂದು ತಿಳಿಯುವುದು ಮುಖ್ಯವಾಗಿ ಈ ಪಟ್ಟಿಯಿಂದ.

ಡುಬರ್ಕ್‌ನ ನಂತರ ಮನೆ ಕೈಯಿಂದ ಕೈಗೆ ದಾಟಿತು. ಅಟ್ಟದ ಜಾಗದಲ್ಲಿ ಪೂರ್ಣ ಅಂತಸ್ತು ಎದ್ದಿತು. ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆ 1870ರಲ್ಲಿ ಹ್ಯಾಂಡೆಲ್‌ನ ಹೆಸರಿನ ಸ್ಮಾರಕ ಫಲಕ ಹಾಕಿದರೂ ಅದು ಕಟ್ಟಡವನ್ನು ಕಾಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲಾವಸ್ತುಗಳ ವ್ಯಾಪಾರಿಯೊಬ್ಬ ನೆಲದಂತಸ್ತಿನ ಮುಖವನ್ನು ಕಿತ್ತು ಅಂಗಡಿ ಮಾಡಿದ. ಒಳಗಿನ ಮರದ ಹೊದಿಕೆಯ ಬಹುಭಾಗವೂ ಅಡ್ಡಗೋಡೆಗಳೂ ಮಾಯವಾದವು. ಮೇಫೇರ್ ವಾಸದ ಬಡಾವಣೆಯಿಂದ ವ್ಯಾಪಾರದ ಬಡಾವಣೆಯಾಗಿ ಬದಲಾದ ಕಾಲವದು.

ಹೆಂಡ್ರಿಕ್ಸ್‌ನ ವಾಸ

ಜಿಮಿ ಹೆಂಡ್ರಿಕ್ಸ್ 1966ರ ಸೆಪ್ಟೆಂಬರ್ 24ರಂದು ಲಂಡನ್ನಿಗೆ ಬಂದಿಳಿದಾಗ ಅಮೆರಿಕದಲ್ಲಿ ಹೆಸರಾಗದ ವಾದಕ. ಒಂದೇ ವರ್ಷದಲ್ಲಿ ಯುರೋಪಿನಲ್ಲಿ ಮನೆಮಾತಾದ. 1968ರ ಜೂನ್‌ನಲ್ಲಿ ಅವನ ಗೆಳತಿ ಕ್ಯಾಥಿ ಎಚಿಂಗ್‌ಹ್ಯಾಮ್ ಪತ್ರಿಕೆಯ ಜಾಹೀರಾತು ನೋಡಿ 23ನೆಯ ಮನೆಯ ಮೇಲಂತಸ್ತನ್ನು ಹಿಡಿದಳು. ಬಾಡಿಗೆ ವಾರಕ್ಕೆ 30 ಪೌಂಡ್. ಕೆಳಗೆ ‘ಮಿಸ್ಟರ್ ಲವ್’ ಎಂಬ ಹೋಟೆಲು. ಅಮೆರಿಕ ಪ್ರವಾಸಗಳ ನಡುವೆ ಅವನು ಇಲ್ಲಿ ನಿಂತು ಬಾಳಿದ್ದು 1968ರ ಬೇಸಿಗೆಯ ಸ್ವಲ್ಪ ಕಾಲ ಮತ್ತು 1969ರ ಮೊದಲ ತಿಂಗಳುಗಳು. ತನ್ನದೆನ್ನಬಹುದಾದ ಮೊದಲ ಮನೆ ಇದೇ ಎಂದು ಅವನು ಹೇಳಿಕೊಂಡಿದ್ದ. ಬಡತನದಲ್ಲಿ, ಮನೆಯಿಂದ ಮನೆಗೆ ಅಲೆದ ಬಾಲ್ಯದವನ ಮಾತಿದು.

ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿಯಿಟ್ಟವನೆಂದು ಖ್ಯಾತನಾದ ಹೆಂಡ್ರಿಕ್ಸ್ ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದ. ಹತ್ತಿರದ ಆಕ್ಸ್‌ಫರ್ಡ್ ಸ್ಟ್ರೀಟ್‌ನ ಜಾನ್ ಲೂಯಿಸ್ ಮಳಿಗೆಗೆ ತಾನೇ ಹೋಗಿ ಹಸಿರುನೀಲಿ ವೆಲ್ವೆಟ್ ಪರದೆಗಳನ್ನೂ ದಿಂಬುಗಳನ್ನೂ ಆರಿಸಿ ತಂದ. ಸಂತೆ ಬೀದಿಗಳಲ್ಲಿ ಕೊಂಡ ರತ್ನಗಂಬಳಿ, ಮಂಚದ ಮೇಲೆ ಮೇಲ್ಕಟ್ಟಿನಂತೆ ತೂಗಿದ ಶಾಲು, ನವಿಲು ಬಣ್ಣದ ಬಟ್ಟೆಗಳು ಕೋಣೆ ತುಂಬಿದ್ದವು. ಅಡುಗೆ ಅಪರೂಪ, ಊಟ ಕೆಳಗಿನ ಹೋಟೆಲಿನಿಂದ ಬರುತ್ತಿತ್ತು. ಹಾಲು ಬೆರೆಸಿದ ಚಹಾ ಕುಡಿಯುತ್ತ ಪತ್ರಕರ್ತರಿಗೆ ಸಂದರ್ಶನ ಕೊಡುತ್ತಿದ್ದುದೂ, ಗೆಳೆಯರೊಂದಿಗೆ ತಡರಾತ್ರಿಯವರೆಗೆ ನುಡಿಸುತ್ತಿದ್ದುದೂ ಆ ಮಲಗುವ ಕೋಣೆಯಲ್ಲಿಯೇ. 1969ರ ಫೆಬ್ರವರಿ 18 ಮತ್ತು 24ರ ರಾಯಲ್ ಆಲ್ಬರ್ಟ್ ಹಾಲ್ ಕಚೇರಿಗಳು ಈ ಅವಧಿಯವು.

ಪಕ್ಕದ ಗೋಡೆಯ ಫಲಕದಿಂದ ಹ್ಯಾಂಡೆಲ್‌ನ ವಿಷಯ ತಿಳಿದಾಗ ಅವನಿಗೆ ಕುತೂಹಲ ಹುಟ್ಟಿತು. ಸಮೀಪದ ಸೌತ್ ಮೋಲ್ಟನ್ ಸ್ಟ್ರೀಟ್‌ನ ರೆಕಾರ್ಡ್ ಅಂಗಡಿಯಿಂದ ‘ಮೆಸೈಯ’ ಮತ್ತು ‘ಬೆಲ್‌ಶಾಝರ್’ ಧ್ವನಿಮುದ್ರಿಕೆಗಳನ್ನು ತಂದು ಕೇಳಿದ. 1969ರ ಮಾರ್ಚ್‌ನಲ್ಲಿ ಅಮೆರಿಕಕ್ಕೆ ಮರಳಿದ ಹೆಂಡ್ರಿಕ್ಸ್ ಮತ್ತೆ ಇಲ್ಲಿ ನೆಲೆಸಲಿಲ್ಲ. 1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿಯೇ, ನಾಟಿಂಗ್ ಹಿಲ್‌ನ ಹೋಟೆಲೊಂದರಲ್ಲಿ ತಂಗಿದ್ದಾಗ, 27ನೆಯ ವಯಸ್ಸಿನಲ್ಲಿ ಸತ್ತ.

ಭಾರತದ ನಂಟು

ಜೀಲಂ ನದಿಯ ದಡದಲ್ಲಿ ಅಲೆಗ್ಸಾಂಡರನನ್ನು ಎದುರಿಸಿದ ಪೋರಸ್ ರಾಜನೇ ನಾಯಕನಾದ ‘ಪೋರೋ, ರೇ ದೆಲ್ ಇಂದಿಯೆ’ ಎಂಬ ಆಪೆರಾವನ್ನು ಹ್ಯಾಂಡೆಲ್ ಬರೆದದ್ದು ಈ ಮನೆಯಲ್ಲಿ. ಮೆತಸ್ತಾಸಿಯೋ ಕವಿಯ ಕಾವ್ಯವನ್ನು ಆಧರಿಸಿದ ಅದು 1731ರ ಫೆಬ್ರವರಿ 2ರಂದು ಕಿಂಗ್ಸ್ ಥಿಯೇಟರ್‌ನಲ್ಲಿ ಪ್ರದರ್ಶನಗೊಂಡಿತು. ಪೋರಸನ ಪಾತ್ರವನ್ನು ಗಾಯಕ ಸೆನೆಸೀನೋ ಹಾಡಿದ. ಹೆಂಡ್ರಿಕ್ಸ್‌ನನ್ನು ಅಮೆರಿಕದಲ್ಲಿ ಪ್ರಸಿದ್ಧಗೊಳಿಸಿದ 1967ರ ಜೂನ್ 18ರ ಮಾಂಟೆರೆ ಉತ್ಸವದಲ್ಲಿ, ಅದೇ ದಿನ ಮಧ್ಯಾಹ್ನ ಪಂಡಿತ್ ರವಿಶಂಕರ್ ಸಿತಾರ್ ನುಡಿಸಿದ್ದರು. ಮೈಸೂರಿನ ನಂಟೂ ಒಂದಿದೆ. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಅದರ ಆರಂಭದ ಕಷ್ಟದ ವರ್ಷಗಳಲ್ಲಿ ಧನಸಹಾಯ ಮಾಡಿ, ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು ಜಯಚಾಮರಾಜ ಒಡೆಯರ್. ಅದೇ ವಾದ್ಯವೃಂದ 1964ರಲ್ಲಿ ಆಟೋ ಕ್ಲೆಂಪರರ್ ನಿರ್ದೇಶನದಲ್ಲಿ ‘ಮೆಸೈಯ’ವನ್ನು ಧ್ವನಿಮುದ್ರಿಸಿತು.

ವಸ್ತುಸಂಗ್ರಹಾಲಯ

ಹ್ಯಾಂಡೆಲ್‌ನ ಮನೆಯನ್ನು ಉಳಿಸಬೇಕೆಂಬ ಕನಸನ್ನು ಬಹುಕಾಲ ಹೊತ್ತು ನಡೆದವರು ಸಂಗೀತ ವಿದ್ವಾಂಸ ಸ್ಟ್ಯಾನ್ಲಿ ಸೇಡಿ ಮತ್ತು ಅವರ ಪತ್ನಿ ಜೂಲಿ ಆ್ಯನ್ ಸೇಡಿ. 1991ರಲ್ಲಿ ಟ್ರಸ್ಟ್ ಸ್ಥಾಪನೆಯಾಗಿ, 2001ರ ನವೆಂಬರ್ 8ರಂದು 25ನೆಯ ಮನೆಯ ಮೇಲಿನ ಅಂತಸ್ತುಗಳು ಸಾರ್ವಜನಿಕರಿಗೆ ತೆರೆದವು. 1759ರ ಪಟ್ಟಿ, ಗೋಡೆಯ ಬಣ್ಣದ ಪದರಗಳ ಪರೀಕ್ಷೆ, ಅದೇ ಕಾಲದ ಬೇರೆ ಮನೆಗಳಿಂದ ತಂದ ಮರದ ಹೊದಿಕೆ ಇವುಗಳ ನೆರವಿನಿಂದ ಕೋಣೆಗಳನ್ನು ಮತ್ತೆ ರೂಪಿಸಲಾಯಿತು. ಕಡುಗೆಂಪು ಪರದೆಯ ಮಂಚವೂ ಹೊಸದಾಗಿ ಸಿದ್ಧವಾಯಿತು.

23ನೆಯ ಮನೆಯ ಮೇಲೆ ಹೆಂಡ್ರಿಕ್ಸ್‌ನ ನೀಲಿ ಫಲಕವನ್ನು 1997ರ ಸೆಪ್ಟೆಂಬರ್ 14ರಂದು ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಅನಾವರಣಗೊಳಿಸಿದ. ಹೆಂಡ್ರಿಕ್ಸ್‌ನ ಮಲಗುವ ಕೋಣೆ ಕೆಲವು ವರ್ಷ ವಸ್ತುಸಂಗ್ರಹಾಲಯದ ಕಚೇರಿಯಾಗಿತ್ತು. ಹಳೆಯ ಫೋಟೋಗಳನ್ನೂ ಕ್ಯಾಥಿ ಎಚಿಂಗ್‌ಹ್ಯಾಮ್ ಕೊಟ್ಟ ವಿವರಗಳನ್ನೂ ಆಧರಿಸಿ ಅದನ್ನು 1969ರಲ್ಲಿದ್ದಂತೆ ಸಜ್ಜುಗೊಳಿಸಿ 2016ರ ಫೆಬ್ರವರಿಯಲ್ಲಿ ತೆರೆಯಲಾಯಿತು. ಅಂಗಡಿಯಾಗಿ ಹೋಗಿದ್ದ ಹ್ಯಾಂಡೆಲ್ ಮನೆಯ ನೆಲದಂತಸ್ತು ಮತ್ತು ನೆಲಮಾಳಿಗೆಯ ಅಡುಗೆಮನೆಗಳೂ ಮರಳಿ ಮನೆಗೆ ಸೇರಿ, ಬೀದಿಯ ಮುಖ ಹಳೆಯ ರೂಪ ಪಡೆದು, 2023ರ ಮೇ 18ರಂದು ಇಡೀ ಕಟ್ಟಡ ‘ಹ್ಯಾಂಡೆಲ್ ಹೆಂಡ್ರಿಕ್ಸ್ ಹೌಸ್’ ಎಂಬ ಹೆಸರಿನಲ್ಲಿ ಪುನಃ ತೆರೆಯಿತು.

ಮಹತ್ವ

ಲಂಡನ್ನಿನಲ್ಲಿ ಇದಕ್ಕಿಂತ ದೊಡ್ಡದಾದ, ಚೆಲುವಾದ ಜಾರ್ಜಿಯನ್ ಮನೆಗಳು ಬಹಳಷ್ಟಿವೆ. ಸಂಯೋಜಕನೊಬ್ಬ ಮೊದಲ ನಿವಾಸಿಯಾಗಿ ಬಂದು, 36 ವರ್ಷ ದುಡಿದು, ಅಲ್ಲಿಯೇ ಕಣ್ಮುಚ್ಚಿದ ಮನೆ ಇಷ್ಟರಮಟ್ಟಿಗೆ ಉಳಿದಿರುವುದು ಅಪರೂಪ. ಎರಡು ನೂರು ವರ್ಷಗಳ ಅಂತರದಲ್ಲಿ ಸಂಗೀತದ ದಿಕ್ಕನ್ನೇ ಬದಲಿಸಿದ ಇಬ್ಬರು ಒಂದೇ ಗೋಡೆಯ ಆಚೆ ಈಚೆ ಬಾಳಿದ್ದು ಇನ್ನೂ ಅಪರೂಪ. ಅಮೃತಶಿಲೆಯ ಪ್ರತಿಮೆಗಳಾಗಲಿ ಫಲಕವಾಗಲಿ ಈ ಮನೆಗೆ ಜೀವ ಮರಳಿ ಕೊಡಲಿಲ್ಲ. ಕೊಟ್ಟದ್ದು ಆಳೊಬ್ಬ ಕೊಂಡ ಪಾತ್ರೆಪಡಗಗಳ ಪಟ್ಟಿ ಮತ್ತು ಜೊತೆಗೆ ಬದುಕಿದ ಹೆಣ್ಣೊಬ್ಬಳ ನೆನಪು. ಕಲಾವಿದರ ಮನೆಗಳನ್ನು ಉಳಿಸಹೊರಟ ಯಾರೇ ಆಗಲಿ ಗೋಡೆಗಳಿಗಿಂತ ಮೊದಲು ಕಾಪಾಡಬೇಕಾದದ್ದು ಇಂಥ ದಾಖಲೆಗಳನ್ನು.